ರವೆಯೋ ಹಿಟ್ಟೋ

"ಟಾರ್ಚನ್ನ ನೇರವಾಗಿ ಬಿಡಬೇಡಿ ಸಾರ್. ಪಕ್ಕದಿಂದ, ಓರೆಯಾಗಿ ಹಿಡೀರಿ. ಹಾಂ, ಹಾಗೆ. ಈಗ ಹೇಳಿ, ಮೈಮೇಲೆ ಇರೋದು ರವೆನೋ ಹಿಟ್ಟೋ?"

"ಇದೇನಯ್ಯಾ, ಮೀನು ನೋಡೋಕೆ ಬಂದೆಯೋ, ಉಪ್ಪಿಟ್ಟು ಮಾಡೋಕೋ?"

"ಮೊದಲು ಅದೇ ಗೊತ್ತಾಗಬೇಕು. ರವೆ ಉದುರಿಸಿದ ಹಾಗೆ ಬಿಡಿಬಿಡಿಯಾಗಿ, ಎಣಿಸೋ ಹಾಗಿದ್ರೆ ಅದು ವೈಟ್ ಸ್ಪಾಟ್. ಜರಡಿ ಹಿಡಿದ ಹಿಟ್ಟಿನ ಹಾಗೆ ಸಣ್ಣಗೆ, ಓರೆ ಬೆಳಕಲ್ಲಿ ಮಾತ್ರ ಚಿನ್ನದ ಪುಡಿ ಥರ ಕಂಡ್ರೆ ವೆಲ್ವೆಟ್. ರವೆ ನಮಗೆ ಯೋಚನೆ ಮಾಡೋಕಾದ್ರೂ ಟೈಮ್ ಕೊಡುತ್ತೆ. ಹಿಟ್ಟು ಕೊಡಲ್ಲ. ಅದು ಮೊದಲು ಕಿವಿರಿಗೇ ಕೈ ಹಾಕೋದು, ಎರಡು ಮೂರು ದಿನಕ್ಕೆ ಟ್ಯಾಂಕ್ ಖಾಲಿ."

"ರವೆ. ಎಣಿಸಿದೀನಿ. ಎಡ ಮಗ್ಗುಲಲ್ಲೇ ನಲವತ್ತೆರಡು."

"ಬ್ಯಾಂಕಿನವರು ಎಣಿಸದೆ ಬಿಡ್ತೀರಾ!"

ಹುಡುಗ ತೀರ್ಥಹಳ್ಳಿ ಕಡೆಯವನು. ಬೆಂಗಳೂರಿನಲ್ಲಿ ಮನೆಮನೆಗೆ ಹೋಗಿ ಮೀನಿನ ಟ್ಯಾಂಕ್ ನೋಡಿಕೊಳ್ಳುವುದೇ ಅವನ ಕಸುಬು. ಸಮುದ್ರದಿಂದ ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಈ ಊರಲ್ಲಿ, ಆರ್.ಒ. ನೀರಿಗೆ ಉಪ್ಪು ಕಲಸಿ ನಾಲ್ಕಡಿ ಗಾಜಿನೊಳಗೆ ಒಂದು ಕಡಲನ್ನು ಇಟ್ಟುಕೊಳ್ಳಬೇಕೆಂಬ ಹುಚ್ಚು ನನಗೆ ಹತ್ತಿದ್ದು ನಿವೃತ್ತಿಯಾದ ಮೇಲೆ. ಅವತ್ತು ಸಂಕ್ರಾಂತಿ ಕಳೆದು ಮೂರೋ ನಾಲ್ಕೋ ದಿನ, ರಾತ್ರಿ ಒಂಬತ್ತೂವರೆ. ಅವನು ಎರಡು ಟಬ್ಬು, ಒಂದು ಚೀಲ ಪೈಪಿನ ತುಂಡು ಹೊತ್ತು ತಂದಿದ್ದ.

"ಯಾವತ್ತು ತಂದಿದ್ದು ಸಾರ್ ಈ ಪೌಡರ್ ಬ್ಲೂ?"

"ಮೂರು ವಾರ ಆಯ್ತು."

"ಎಲ್ಲಿಟ್ಟಿದ್ರಿ?"

"ಎಲ್ಲಿಡೋದು, ಟ್ಯಾಂಕಲ್ಲೇ. ಚೆನ್ನಾಗಿತ್ತಪ್ಪಾ. ಅಂಗಡಿಯಲ್ಲಿ ನನ್ನ ಕಣ್ಣೆದುರಿಗೇ ಊಟ ಮಾಡಿತು. ಮೈಯಲ್ಲಿ ಒಂದು ಕಲೆ ಇರಲಿಲ್ಲ."

"ಬ್ಯಾಂಕಲ್ಲಿದ್ದಾಗ ಮುಖ ಚೆನ್ನಾಗಿದೆ ಅಂತ ಕೆವೈಸಿ ಇಲ್ಲದೆ ಖಾತೆ ತೆರೀತಿದ್ರಾ?"

"..."

"ಬೇಜಾರು ಮಾಡ್ಕೋಬೇಡಿ. ಲಕ್ಷದ್ವೀಪ, ಶ್ರೀಲಂಕಾ, ಮಾಲ್ಡೀವ್ಸ್ ಕಡೆಯ ಹವಳದ ದಿಬ್ಬದ ಮೀನು ಇದು. ಅಲ್ಲಿ ಬಲೆ, ಆಮೇಲೆ ಪ್ಲಾಸ್ಟಿಕ್ ಚೀಲ, ವಿಮಾನ, ಗೋಡೌನು, ಅಂಗಡಿ. ವೈಟ್ ಸ್ಪಾಟಿಗೆ ಇದರಷ್ಟು ಬೇಗ ಸಿಕ್ಕಿಬೀಳೋ ಮೀನು ಇನ್ನೊಂದಿಲ್ಲ. ಅಂಗಡಿಗಳಲ್ಲಿ ಎಷ್ಟೋ ಕಡೆ ಮೂವತ್ತು ಟ್ಯಾಂಕಿಗೂ ಒಂದೇ ನೀರು ಸುತ್ತುತ್ತೆ. ಆ ನೀರಿಗೆ ಸ್ವಲ್ಪ ತಾಮ್ರ ಹಾಕಿಟ್ಟಿರ್ತಾರೆ. ರೋಗ ಸಾಯೋವಷ್ಟಲ್ಲ, ಚುಕ್ಕೆ ಕಾಣದಿರೋವಷ್ಟು. ನಿಮ್ಮ ಶುದ್ಧವಾದ ನೀರಿಗೆ ಬಿಟ್ರಿ ನೋಡಿ, ಮುಸುಕು ತೆಗೀತು."

"ಸರಿ, ಒಪ್ಪಿದೆ. ಆದರೆ ಒಂದು ವಿಷಯ ನನಗೆ ಅರ್ಥವಾಗಿಲ್ಲ. ಮೊದಲನೇ ವಾರದಲ್ಲೇ ನಾಲ್ಕು ಕಾಳು ಕಂಡಿತ್ತು. ನಿನಗೆ ಫೋನ್ ಮಾಡಬೇಕು ಅಂದುಕೊಳ್ಳೋಷ್ಟರಲ್ಲಿ ಮಾಯ. ಮನೆಯವಳು ಊಟಕ್ಕೆ ಬೆಳ್ಳುಳ್ಳಿ ರಸ ಸೇರಿಸಿದ್ದಳು, ಅದರಿಂದಲೇ ವಾಸಿಯಾಯ್ತು ಅಂತ ಇಬ್ಬರೂ ಬೀಗಿದ್ವಿ. ಹತ್ತು ದಿನ ಬಿಟ್ಟು ನೋಡಿದರೆ ಮೈತುಂಬ!"

"ಬೆಳ್ಳುಳ್ಳಿಗೆ ಮೀನು ಒಂದು ತುತ್ತು ಜಾಸ್ತಿ ತಿನ್ನಬಹುದೇ ಹೊರತು ಆ ಹುಳಕ್ಕೆ ಏನೂ ಆಗಲ್ಲ ಸಾರ್. ಚುಕ್ಕೆ ಮಾಯವಾಯ್ತಲ್ಲ, ಅದು ವಾಸಿಯಲ್ಲ. ಹುಳ ಹೊಟ್ಟೆ ತುಂಬಿಸಿಕೊಂಡು ಹೆರಿಗೆಗೆ ಹೋಗಿದ್ದು."

ಈ ಮಾತು ಕೇಳಿ ನಾನು ಟಾರ್ಚ್ ಆರಿಸಿ ಕುರ್ಚಿ ಎಳೆದುಕೊಂಡು ಕೂತೆ. ಅವನು ನೆಲದ ಮೇಲೆ ಕೂತು ಟಬ್ಬಿಗೆ ಹೀಟರ್ ಜೋಡಿಸುತ್ತಲೇ ಹೇಳಿದ.

"ಕಣ್ಣಿಗೆ ಕಾಣೋ ಆ ರವೆ ಕಾಳು ಮೀನಿನ ಚರ್ಮದ ಒಳಗೆ ಕೂತಿರೋ ಜೀವಿ. ಮೂರರಿಂದ ಏಳು ದಿನ ಮೀನನ್ನ ತಿನ್ನುತ್ತೆ. ಆಮೇಲೆ ತಾನಾಗೇ ಇಳಿದು ಮರಳಿಗೋ ಬಂಡೆಗೋ ಗಾಜಿಗೋ ಅಂಟಿಕೊಂಡು ಗೂಡು ಕಟ್ಟುತ್ತೆ. ಗೂಡೊಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಒಂದೊಂದು ಗೂಡಿಂದ ಇನ್ನೂರರವರೆಗೆ ಮರಿ ಹೊರಬರಬಹುದು. ಒಡೆಯೋಕೆ ಮೂರು ದಿನವೂ ಸಾಕು, ನಾಲ್ಕು ವಾರವೂ ಆಗಬಹುದು. ಒಂದೇ ದಿನ ಕಟ್ಟಿದ ಗೂಡುಗಳೂ ಒಂದೇ ದಿನ ಒಡೆಯಲ್ಲ. ನಾಲ್ಕು ಕಾಳು ಎಂಟುನೂರಾಗಿ ವಾಪಸ್ ಬಂತು, ಅಷ್ಟೆ. ನಿಮಗೆ ಚಕ್ರಬಡ್ಡಿ ನಾನು ಹೇಳಿಕೊಡಬೇಕಾ?"

"ಮರಿಗಳು ಮೀನನ್ನ ಹುಡುಕೋದು ಹೇಗೆ? 450 ಲೀಟರ್ ನೀರಿದೆ."

"ಅಲ್ಲೇ ಇರೋದು ಅದರ ಬುದ್ಧಿ. ಹುಳ ಇಳಿಯೋದು ಕತ್ತಲಾದ ಮೇಲೆ, ಮರಿ ಹೊರಡೋದೂ ಜಾಸ್ತಿ ಬೆಳಗಿನ ಜಾವಕ್ಕೆ. ಆ ಹೊತ್ತಿಗೆ ಮೀನು ಎಲ್ಲಿರುತ್ತೆ? ಬಂಡೆ ಸಂದಿಯಲ್ಲಿ ಮಲಗಿರುತ್ತೆ, ಗೂಡಿನ ಪಕ್ಕದಲ್ಲೇ. ಹಾಸಿಗೆಯಲ್ಲಿ ತಿಗಣೆ ಇದ್ದ ಹಾಗೆ."

(ಆಮೇಲೆ ನಾನು ಓದಿ ತಿಳಿದದ್ದು: ಇದಕ್ಕೆ ಕ್ರಿಪ್ಟೋಕಾರಿಯಾನ್ ಇರಿಟಾನ್ಸ್ ಎಂಬ ಹೆಸರು ಬಿದ್ದದ್ದು 1951ರಲ್ಲಿ. ಗ್ರೀಕಿನಲ್ಲಿ ಕ್ರಿಪ್ಟೋಸ್ ಅಂದರೆ ಅಡಗಿದ್ದು, ಕಾರಿಯಾನ್ ಅಂದರೆ ಬೀಜ. ಸೂಕ್ಷ್ಮದರ್ಶಕದಲ್ಲಿ ಅದರ ಕೋಶಬೀಜ ಸರಿಯಾಗಿ ಕಾಣುವುದಿಲ್ಲವೆಂದು ಇಟ್ಟ ಹೆಸರು. ನನ್ನ ಲೆಕ್ಕದಲ್ಲಿ ಬೀಜವೊಂದೇ ಅಲ್ಲ, ಇಡೀ ಜೀವಿಯೇ ಅಡಗುಕೋರ.)

"ಹಾಗಾದರೆ ತಡ ಯಾಕೆ, ಔಷಧಿ ಈ ಟ್ಯಾಂಕಿಗೇ ಸುರಿದುಬಿಡು. ಮೀನು ಹಿಡಿಯೋ ರಗಳೆ ಇಲ್ಲ."

"ಔಷಧಿ ಯಾವುದು ಗೊತ್ತಾ? ತಾಮ್ರ. ನಮ್ಮೂರಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೀತಾರಲ್ಲ, ಮೈಲುತುತ್ತ, ಅದರ ತಾಮ್ರವೇ. ಬರೀ ಮೈಲುತುತ್ತ ಹೊಡೆದರೆ ಆಗಲ್ಲ, ಸುಣ್ಣ ಸೇರಿಸಬೇಕು. ನೂರು ಲೀಟರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ಸಿಕ್ಕರೆ ತಾಮ್ರ ಕಚ್ಚಿ ಕೂರುತ್ತೆ. ಈಗ ನಿಮ್ಮ ಟ್ಯಾಂಕ್ ನೋಡಿ. ಬಂಡೆ ಸುಣ್ಣದ್ದು, ಮರಳು ಸುಣ್ಣದ್ದು. ನಾನು ಸುರಿದ ತಾಮ್ರವನ್ನೆಲ್ಲ ಅದೇ ಕುಡಿದುಬಿಡುತ್ತೆ, ಮೀನಿಗೆ ಸಿಗೋದು ಎಷ್ಟು ಅಂತ ಯಾರಿಗೂ ಗೊತ್ತಾಗಲ್ಲ. ಆಮೇಲೆ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಕಕ್ಕುತ್ತಾ ಇರುತ್ತೆ. ಬಸವನಹುಳ ಹೋಯ್ತು, ನಕ್ಷತ್ರಮೀನು ಹೋಯ್ತು, ಸೀಗಡಿ ಹೋಯ್ತು. ಬೆನ್ನುಮೂಳೆ ಇಲ್ಲದ ಯಾವುದೂ ತಾಮ್ರಕ್ಕೆ ತಡೆಯಲ್ಲ ಸಾರ್."

"ಸೀಗಡಿನಾ? ನಮ್ಮ ಟಕ್ಕನಾ?"

"ಅವನೇ ಮೊದಲು."

ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ಟ್ಯಾಂಕಿನ ಎಡ ಮೂಲೆಯ ಮರಳಿನಲ್ಲಿ ಒಂದು ಬಿಲವಿದೆ. ಅದನ್ನು ತೋಡಿದ್ದು ಪಿಸ್ತೂಲ್ ಸೀಗಡಿ. ಕಣ್ಣು ಹೆಚ್ಚುಕಡಿಮೆ ಕಾಣದು. ದೊಡ್ಡ ಚಿಮುಟವನ್ನು ಟಕ್ಕೆಂದು ಹೊಡೆದರೆ ಪಕ್ಕದ ಕೋಣೆಗೆ ಕೇಳುತ್ತದೆ. ಅದಕ್ಕೇ ಆ ಹೆಸರು. ಬಿಲದ ಬಾಗಿಲಲ್ಲಿ ಕೂರುವುದು ಹಳದಿ ಮೈಯ ವಾಚ್‌ಮನ್ ಗೋಬಿ. ಗೋಬಿ ತರುತ್ತೇನೆಂದಾಗ ಮಂಚೂರಿಯೆಂದೇ ತಿಳಿದು ಹೆಂಡತಿ ತಟ್ಟೆ ಇಟ್ಟಿದ್ದಳು. ಸೀಗಡಿ ದಿನವಿಡೀ ಬುಲ್ಡೋಜರಿನಂತೆ ಮರಳು ತಳ್ಳಿ ತಂದು ಹೊರಗೆ ಹಾಕುತ್ತದೆ, ಹೊರಬಂದಾಗಲೆಲ್ಲ ಒಂದು ಮೀಸೆಯನ್ನು ಗೋಬಿಯ ಬಾಲದ ಮೇಲೆ ಇಟ್ಟಿರುತ್ತದೆ. ಅಪಾಯ ಕಂಡರೆ ಗೋಬಿ ಬಾಲ ಅದುರಿಸುತ್ತದೆ, ಇಬ್ಬರೂ ಒಳಗೆ. ಅಪಾರ್ಟ್‌ಮೆಂಟಿನ ವಾಚ್‌ಮನ್ ಇಷ್ಟು ನಿಯತ್ತಿನಿಂದ ಕೂತದ್ದನ್ನು ನಾನು ಕಂಡಿಲ್ಲ.

"ಗೋಬಿ ಮೈಮೇಲೆ ಒಂದು ಚುಕ್ಕೆಯೂ ಇಲ್ಲ. ಅದನ್ನ ಇಲ್ಲೇ ಬಿಡೋಣ. ಆ ಜೋಡಿ ಅಗಲಿಸಬೇಡ."

"ಸಾರ್, ಒಂದು ಮೀನು ಉಳಿದರೂ ಹುಳಕ್ಕೆ ಅದೇ ಅನ್ನಛತ್ರ. ಚುಕ್ಕೆ ಕಿವಿರೊಳಗೆ ಇದ್ರೆ ನಮಗೆ ಕಾಣಲ್ಲ. ಪೌಡರ್ ಬ್ಲೂ, ಎರಡು ಕ್ಲೌನು, ಗೋಬಿ, ನಾಲ್ಕೂ ಹೊರಗೆ ಬರಬೇಕು. ಸೀಗಡಿ, ಬಸವನಹುಳ ಇಲ್ಲೇ ಇರಲಿ. ಅವುಗಳ ಮೈ ಈ ಹುಳಕ್ಕೆ ಆಗಲ್ಲ. ಹೊಲ ಬೀಳು ಬಿಡ್ತಾರಲ್ಲ, ಹಾಗೆ ಟ್ಯಾಂಕನ್ನ ಬೀಳು ಬಿಡೋದು. ಮರಿಗೆ ಆಯುಷ್ಯ ಒಂದೆರಡು ದಿನ. ಹೊರಬಂದು ಮೀನು ಸಿಗದೆ ಸಾಯ್ತಾ ಹೋಗುತ್ತೆ."

"ಎಷ್ಟು ದಿನ?"

"ಎಪ್ಪತ್ತಾರು."

"ಏನು!"

"ಬಹಳಷ್ಟು ಗೂಡು ತಿಂಗಳೊಳಗೆ ಒಡೆದುಹೋಗುತ್ತೆ. ಆದರೆ ಎಪ್ಪತ್ತೆರಡು ದಿನ ತಡೆದು ಒಡೆದ ಗೂಡೂ ದಾಖಲಾಗಿದೆಯಂತೆ. ಅದರ ಮೇಲೆ ನಾಲ್ಕು ದಿನ ಸೇರಿಸಿ ಹವ್ಯಾಸಿಗಳು ಇಟ್ಟುಕೊಂಡ ಲೆಕ್ಕ ಇದು. ಆರು ವಾರಕ್ಕೇ ಮೀನು ಬಿಟ್ಟು ಗೆದ್ದವರೂ ಇದ್ದಾರೆ. ನಾನು ಒಂದು ಸಲ ಬಿಟ್ಟು ಸೋತಿದೀನಿ. ಚಳಿಗೆ ಗೂಡು ಇನ್ನೂ ನಿಧಾನ, ಅದಕ್ಕೇ ದೊಡ್ಡ ಟ್ಯಾಂಕಿನ ಹೀಟರನ್ನೂ 27ಕ್ಕೆ ಏರಿಸ್ತೀನಿ."

ನನ್ನ ಅಜ್ಜಿ ಹೇಳುತ್ತಿದ್ದುದು ನೆನಪಾಯಿತು. ಮನೆಯಲ್ಲಿ ಇಲಿ ಬಿತ್ತು ಅಂದರೆ ಪ್ಲೇಗು ಬಂತು ಅಂತ. ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿತ್ತಂತೆ. ರೋಗಿಯನ್ನಷ್ಟೇ ಅಲ್ಲ, ಎಲ್ಲರನ್ನೂ ಕರೆದುಕೊಂಡು ಹೋಗಬೇಕು, ಮನೆ ಖಾಲಿ ಬೀಳಬೇಕು. ಅವಳ ಕಾಲದವರಿಗೆ ಇದನ್ನು ಇಷ್ಟು ಹೊತ್ತು ವಿವರಿಸಬೇಕಾಗಿರಲಿಲ್ಲ.

"ಬಚ್ಚಲಲ್ಲಿ ಇದೇನಿದು ಗುಡ್ಡೆ?" ಅಂತ ಹೆಂಡತಿ ಒಳಗಿನಿಂದ ಕೇಳಿದಳು.

"ನಾಲ್ಕು ಜನಕ್ಕೆ ಗುಡಿಸಲು" ಅಂದೆ.

ಗುಡಿಸಲು ಅಂದರೆ ನೂರು ಲೀಟರಿನ ಟಬ್ಬು. ಮರಳಿಲ್ಲ, ಬಂಡೆಯಿಲ್ಲ. ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಎಲ್ಬೋ, ಟೀ, ತುಂಡು ಪೈಪುಗಳೇ ಮೀನುಗಳ ಕೋಣೆ. ಮೇಲೆ ಸೊಳ್ಳೆ ಪರದೆಯ ತುಂಡು, ಹಾರಿ ಬೀಳದಂತೆ. ಅವನು ನಮ್ಮ ಸಂಪಿನಿಂದ (ಟ್ಯಾಂಕಿನ ಕೆಳಗಿನ ಸಂಪು, ಕಾವೇರಿ ನೀರಿನದಲ್ಲ) ಒಂದು ಸ್ಪಾಂಜು ತೆಗೆಯಹೋಗಿ ಕೈ ಹಿಂದೆಳೆದುಕೊಂಡ.

"ಛೆ, ಇದರಲ್ಲೂ ಗೂಡು ಇರಬಹುದು. ಇನ್ನೊಂದು ಮನೆ ಟ್ಯಾಂಕಿಂದ ಬೇರೆ ಸ್ಪಾಂಜು ತಂದಿದ್ದೀನಿ, ಮೀನೇ ಇಲ್ಲದ ಟ್ಯಾಂಕು. ಇದು ಹೆಪ್ಪು ಸಾರ್. ಹಾಲಿಗೆ ಹೆಪ್ಪು ಹಾಕದಿದ್ರೆ ಮೊಸರಾಗಲ್ಲ, ಹೊಸ ನೀರಿಗೆ ಈ ಸ್ಪಾಂಜಿನ ಬ್ಯಾಕ್ಟೀರಿಯಾ ಸೇರದಿದ್ರೆ ಮೀನು ಹೊರಹಾಕೋ ಅಮೋನಿಯಾ ಕರಗಲ್ಲ. ಕ್ವಾರಂಟೈನಲ್ಲಿ ರೋಗಕ್ಕಿಂತ ಅಮೋನಿಯಾಕ್ಕೆ ಸಾಯೋ ಮೀನೇ ಜಾಸ್ತಿ."

"ಔಷಧಿಯಿಲ್ಲದೆ ಆಗೋದೇ ಇಲ್ಲವಾ?"

"ಆಗುತ್ತೆ. ಗೂಡು ಮೂರು ದಿನಕ್ಕಿಂತ ಮೊದಲು ಒಡೆಯಲ್ಲ ಅಲ್ವಾ? ಮೂರು ಮೂರು ದಿನಕ್ಕೆ ಮೀನನ್ನ ಹೊಸ ಟಬ್ಬಿಗೆ, ಹೊಸ ನೀರಿಗೆ ಹಾಕ್ತಾ ಹೋದರೆ ಹುಳ ಹಿಂದಿನ ಟಬ್ಬಲ್ಲೇ ಉಳಿಯುತ್ತೆ. ನಾಲ್ಕು ಸಲ, ಹನ್ನೆರಡು ದಿನ. ಆದ್ರೆ ಪ್ರತಿ ಸಲ ನೂರು ಲೀಟರ್ ಉಪ್ಪುನೀರು ಮಾಡಿಕೊಳ್ಳಬೇಕು, ಹಳೇ ಟಬ್ಬು ತೊಳೆದು ಒಣಗಿಸಬೇಕು. ನಿಮ್ಮ ಸೊಂಟ ಬಿಡುತ್ತಾ? ಇನ್ನೊಂದು, ಉಪ್ಪನ್ನ 1.025ರಿಂದ 1.009ಕ್ಕೆ ಇಳಿಸಿ ಒಂದು ತಿಂಗಳು ಇಡೋದು. ಅದು 1.011 ಆದ್ರೆ ಹುಳ ಬದುಕಿಬಿಡಬಹುದು, ಮೀಟರ್ ಸರಿಯಿರಬೇಕು. ಹಿಟ್ಟಿಗೆ, ವೆಲ್ವೆಟ್ಟಿಗೆ, ಅದು ನಡೆಯೋದೂ ಇಲ್ಲ. ಇಲ್ಲಿ ಪೌಡರ್ ಬ್ಲೂ ಉಸಿರಾಡೋದು ನೋಡಿದ್ರೆ ನನಗೆ ರವೆಯ ಅಡಿಯಲ್ಲಿ ಹಿಟ್ಟೂ ಇದೆಯೇನೋ ಅನ್ನಿಸ್ತಿದೆ. ತಾಮ್ರ ಆದ್ರೆ ಎರಡಕ್ಕೂ ಆಗುತ್ತೆ."

ಹಿಡಿಯುವ ಹೊತ್ತಿಗೆ ಹನ್ನೊಂದಾಗಿತ್ತು. ಕ್ಲೌನುಗಳು ನಿದ್ದೆಗಣ್ಣಲ್ಲೇ ಪಾತ್ರೆಯೊಳಗೆ ಬಂದವು. ಪೌಡರ್ ಬ್ಲೂಗೆ ಅವನು ಬಲೆ ಹಾಕಲಿಲ್ಲ. ಬಾಲದ ಬುಡದಲ್ಲಿ ಎರಡೂ ಕಡೆ ಮಡಚು ಚಾಕುವಿನಂಥ ಮುಳ್ಳಿದೆ, ಬಲೆಗೆ ಸಿಕ್ಕಿಕೊಂಡರೆ ಚರ್ಮ ಕಿತ್ತುಬರುತ್ತದೆ, ನಮ್ಮ ಕೈಯೂ ಸೀಳುತ್ತದೆ. ಪಾರದರ್ಶಕ ಡಬ್ಬಿಯೊಂದನ್ನು ಬಂಡೆ ಸಂದಿಯ ಬಾಯಿಗೆ ಹಿಡಿದು, ಹಿಂದಿನಿಂದ ಒಂದು ಕಡ್ಡಿ ಆಡಿಸಿ ಕಾದ. ಹದಿನೈದು ನಿಮಿಷ. ಗೋಬಿಗೆ ಒಂದು ಗಂಟೆ ಬೇಕಾಯಿತು. ಊಟದ ಆಸೆಗೆ ಬಿಲದಿಂದ ಒಂದು ಗೇಣು ಹೊರಬಂದಾಗ ಬಾಗಿಲಿಗೆ ಅಡ್ಡ ಒಂದು ಹಲಗೆ ಇಳಿಸಿದ. ಹಲಗೆಯ ಆ ಕಡೆ ಮರಳು ಹೊತ್ತು ತಂದ ಸೀಗಡಿ ಎರಡು ಮೀಸೆಯನ್ನೂ ಗಾಳಿಯಲ್ಲಿ ತಡಕಾಡುವ ಹಾಗೆ ಆಡಿಸಿತು. ನಾನು ಲೈಟ್ ಆರಿಸಿದೆ.

ಪೌಡರ್ ಬ್ಲೂ ಮೂರನೆಯ ದಿನ ಸತ್ತಿತು. ಕಿವಿರಿನ ಮುಚ್ಚಳ ಎತ್ತಿ ನೋಡಿದ ಹುಡುಗ, ಕೆಂಪಿರಬೇಕಾದದ್ದು ಬೂದುಬಣ್ಣಕ್ಕೆ ತಿರುಗಿದ್ದನ್ನು ತೋರಿಸಿ, "ನಾವು ಶುರುಮಾಡಿದ್ದೇ ತಡ" ಅಂದ. ಬೇರೇನೂ ಹೇಳಲಿಲ್ಲ.

ಹನ್ನೆರಡನೆಯ ದಿನ ಅವನು ಬಂದಾಗ ನಾನೇ ಮಾತು ತೆಗೆದೆ.

"ನೋಡಯ್ಯ, ಮೂರರ ಮೈಮೇಲೂ ಏನೂ ಇಲ್ಲ. ಇಷ್ಟೇ ಇಷ್ಟು ಟಬ್ಬಲ್ಲಿ ಪೈಪೊಳಗೆ ಕೂತು ಕಣ್ಣು ಬಿಡ್ತಾವೆ, ನೋಡೋಕಾಗಲ್ಲ. ಎರಡು ದಿನ ನೋಡಿ ವಾಪಸ್ ಬಿಟ್ಟುಬಿಡೋಣ?"

"ಬೆಳ್ಳುಳ್ಳಿಯಲ್ಲೂ ಹೀಗೇ ವಾಸಿಯಾಗಿತ್ತಲ್ಲ ಸಾರ್."

"ಈಗ ತಾಮ್ರ ಇದೆ."

"ತಾಮ್ರ ಮೀನಿನ ಚರ್ಮದೊಳಗಿನ ಹುಳವನ್ನ ಮುಟ್ಟಲ್ಲ. ಗೂಡನ್ನೂ ಮುಟ್ಟಲ್ಲ. ಗೂಡೊಡೆದು ಈಜಿಕೊಂಡು ಹೊರಟ ಮರಿ ಸಿಕ್ಕಿದ್ರೆ ಮಾತ್ರ ಕೊಲ್ಲುತ್ತೆ. ಊರಲ್ಲಿ ಕೊಳೆ ಔಷಧಿನೂ ಹಾಗೇ. ಮಳೆ ಹಿಡಿಯೋ ಮೊದಲು ಹೊಡೆದ್ರೆ ಕೊನೆ ಉಳಿಯುತ್ತೆ, ಕಾಯಿ ಉದುರೋಕೆ ಶುರುವಾದ ಮೇಲೆ ಹೊಡೆದ್ರೆ ಮರ ನೀಲಿಯಾಗುತ್ತೆ ಅಷ್ಟೆ. ಅಪ್ಪ ನಲವತ್ತು ದಿನಕ್ಕೆ ಎರಡನೇ ಸಲ ಹೊಡೆಸ್ತಾರೆ, ಮಳೆ ಇರಲಿ ಬಿಡಲಿ. ಇಲ್ಲೂ ಮೂವತ್ತು ದಿನ ಒಂದೇ ಸಮ ಇರಬೇಕು. ಮೊನ್ನೆ ಎಷ್ಟಿತ್ತು?"

"ಭಾನುವಾರ 2.2. ನಿನ್ನೆ 1.7."

"ಯಾಕೆ ಇಳೀತು?"

"ಇಪ್ಪತ್ತು ಲೀಟರ್ ನೀರು ಬದಲಾಯಿಸಿದೆ."

"ಹೊಸ ನೀರಿಗೆ ತಾಮ್ರ?"

ನಾನು ಸುಮ್ಮನಾದೆ. ಲೆಕ್ಕದ ಮನುಷ್ಯ ಮಾಡಬಾರದ ತಪ್ಪು. ನಾವು ಹಾಕುತ್ತಿದ್ದುದು ಕೀಲೇಟೆಡ್ ತಾಮ್ರ, ಅದು ಲೀಟರಿಗೆ 2ರಿಂದ 2.5 ಮಿಲಿಗ್ರಾಂ ಇರಬೇಕು. ಅಯಾನಿಕ್ ತಾಮ್ರವಾದರೆ 0.5 ಸಾಕು. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಿದರೆ ಮೀನು ಹೋಗುತ್ತದೆ, ಇಲ್ಲವೇ ಹುಳ ಉಳಿಯುತ್ತದೆ. ಒಂದು ದಿನ ಮಟ್ಟ ಕೆಳಗಿಳಿದರೆ ಆ ದಿನ ಹೊರಬಂದ ಮರಿಗೆ ದಾರಿ ಸಿಕ್ಕಂತೆ.

"ಇವತ್ತಿಂದ ಮತ್ತೆ ಒಂದು ಅಂತ ಎಣಿಸಿ" ಅಂದ ಅವನು. ಆಮೇಲೆ ಬಚ್ಚಲ ಗೂಡಿನಲ್ಲಿದ್ದ ಬಾಟಲಿ ಎತ್ತಿ ಬೆಳಕಿಗೆ ಹಿಡಿದ. "ಇದು ಯಾರು ತಂದಿದ್ದು?"

"ಅಮೋನಿಯಾ ಕಿಟ್ಟು ಹಸಿರು ತೋರಿಸ್ತು. ಅಂಗಡಿಯವನು ಇದನ್ನ ನಾಲ್ಕು ತೊಟ್ಟು ಹಾಕಿ, ಅಮೋನಿಯಾ ಕಟ್ಟಿಬಿಡುತ್ತೆ ಅಂದ. ಇನ್ನೂ ಸೀಲ್ ಒಡೆದಿಲ್ಲ."

"ದೇವರು ದೊಡ್ಡವನು. ತಾಮ್ರದ ನೀರಿಗೆ ಇದು ಬಿದ್ರೆ ಒಳ್ಳೇ ತಾಮ್ರವೇ ವಿಷ ಆಗಿಬಿಡಬಹುದು ಮಾರಾಯ್ರೆ! ಹಸಿರು ತೋರಿಸಿದ್ರೆ ಊಟ ಕಡಿಮೆ ಮಾಡಿ, ತಾಮ್ರ ಬೆರೆಸಿದ ನೀರು ಬದಲಾಯಿಸಿ, ಅಷ್ಟೆ. ಒಂದು ಟಬ್ಬಿಗೆ ಎರಡು ಬಾಟಲಿ ಹಾಕೋಕೆ ಮುಂಚೆ ನನಗೊಂದು ಫೋನ್ ಮಾಡಿ. ರಾತ್ರಿ ಎರಡು ಗಂಟೆ ಆಗಿರಲಿ, ಪರವಾಗಿಲ್ಲ."

"ನಿನ್ನ ಹೆಂಡತಿ ಬೈಯಲ್ವಾ?"

"ಬೈತಾಳೆ. ಅವಳಿಗೂ ಅಭ್ಯಾಸ ಆಗಿದೆ."

ಅವತ್ತಿನಿಂದ ಗೋಡೆಯ ಕ್ಯಾಲೆಂಡರಿನ ಪಕ್ಕ ಒಂದು ಹಳೆಯ ಲೆಡ್ಜರ್ ತೂಗುಹಾಕಿದೆ. ತಾಮ್ರ, ಅಮೋನಿಯಾ, ಉಪ್ಪು, ಶಾಖ, ಯಾರು ಎಷ್ಟು ತಿಂದರು, ದಿನಕ್ಕೆ ಎರಡು ಸಲ. ಟಬ್ಬಿನ ಬಲೆ, ಪೈಪು, ಚೊಂಬು ಟಬ್ಬಿಗೇ. ಟಬ್ಬಿಗೆ ಅದ್ದಿದ ಕೈಯನ್ನು ತೊಳೆದು ಒರೆಸದೆ ಟ್ಯಾಂಕಿನ ಹತ್ತಿರ ಸುಳಿಯುವಂತಿಲ್ಲ. 2020ರಲ್ಲಿ ಹೊರದೇಶದಿಂದ ಬಂದವರ ಮುಂಗೈಗೆ ಸರ್ಕಾರ ಮುದ್ರೆ ಒತ್ತಿದ್ದನ್ನು ನೆನೆದು, ಹೆಂಡತಿ ಟಬ್ಬಿನ ಮೇಲೊಂದು ಚೀಟಿ ಅಂಟಿಸಿದಳು: ಹೋಮ್ ಕ್ವಾರಂಟೈನ್, ಒಳಗೆ ಇಣುಕಬೇಡಿ. ದಿನಕ್ಕೆ ಹತ್ತು ಸಲ ಇಣುಕುತ್ತಿದ್ದವಳು ಅವಳೇ.

ಮೂವತ್ತು ದಿನ ಮುಗಿದ ಮೇಲೆ ಕಾರ್ಬನ್ ಹಾಕಿ ತಾಮ್ರ ತೆಗೆದು, ಚರ್ಮಕ್ಕೆ ಕಿವಿರಿಗೆ ಅಂಟುವ ಚಪ್ಪಟೆ ಹುಳಕ್ಕೆಂದು ಪ್ರಾಜಿಕ್ವಾಂಟೆಲ್ ಹಾಕಿದ್ದೂ ಆಯಿತು. ಮೂರೂ ಗಟ್ಟಿಯಾಗಿದ್ದವು. ಆದರೆ ದೊಡ್ಡ ಟ್ಯಾಂಕಿನ ಗಡುವು ಮುಗಿದಿರಲಿಲ್ಲ.

ಮೀನಿಲ್ಲದ ಟ್ಯಾಂಕಿನ ಮುಂದೆ ಕೂತು ನೋಡುವುದಕ್ಕೆ ಏನಿದೆ ಎಂದುಕೊಂಡಿದ್ದೆ. ಐದನೆಯ ವಾರದ ಹೊತ್ತಿಗೆ ಗಾಜಿನ ಮೇಲೆ ಜೀರಿಗೆಯ ಮೊನೆಯಷ್ಟು ಸಣ್ಣ ಜೀವಗಳು ಓಡಾಡತೊಡಗಿದವು. ಇವನ್ನು ತಿನ್ನುವವರಿಲ್ಲದೆ ಸಂತತಿ ಹೆಚ್ಚಿತ್ತು. ಹಗಲಲ್ಲಿ ಎಂದೂ ಹೊರಬರದ ನಕ್ಷತ್ರಮೀನು ಮಟಮಟ ಮಧ್ಯಾಹ್ನ ಮರಳ ಮೇಲೆ ತೋಳು ಚಾಚಿತು. ಸೀಗಡಿ ಮಾತ್ರ ಕಾಣಲಿಲ್ಲ. ಬಿಲದ ಬಾಯಿ ಮೆಲ್ಲಗೆ ಕುಸಿದು ಮುಚ್ಚಿಹೋಯಿತು. ವಾರಕ್ಕೆರಡು ಸಲ ಇಕ್ಕಳದಲ್ಲಿ ಒಂದು ಚೂರು ಊಟ ಅಲ್ಲಿ ಒತ್ತಿಬರುತ್ತಿದ್ದೆ, ಬೆಳಿಗ್ಗೆ ಇರುತ್ತಿರಲಿಲ್ಲ. ತಿಂದದ್ದು ಅದೋ ನಕ್ಷತ್ರಮೀನೋ ಹೇಳಲಾಗದು. ರಾತ್ರಿ ಎದ್ದಾಗ ಹಾಲಿನಲ್ಲಿ ನಿಂತು ಕಿವಿಗೊಡುವುದು ಅಭ್ಯಾಸವಾಯಿತು. ಒಮ್ಮೊಮ್ಮೆ ಕೇಳುತ್ತಿತ್ತು: ಟಕ್.

ಯುಗಾದಿ ಕಳೆದು ಐದಾರು ದಿನಕ್ಕೆ ಎಪ್ಪತ್ತಾರು ತುಂಬಿತು. ಹುಡುಗ ಬರುವವನಿದ್ದ, ಬೇರೆ ಯಾರದೋ ಮನೆಯ ಟ್ಯಾಂಕ್ ಸೀಳಿ ನೆಲವೆಲ್ಲ ಸಮುದ್ರವಾಗಿ ಅಲ್ಲಿಗೆ ಓಡಿದ. ಫೋನಿನಲ್ಲೇ ಹೇಳಿಸಿಕೊಂಡು ಉಪ್ಪು, ಶಾಖ ಸರಿಮಾಡಿ ಮೂರನ್ನೂ ನಾನೇ ಬಿಟ್ಟೆ. ಕ್ಲೌನುಗಳು ಹಳೆಯ ಮೂಲೆಗೆ ಹೋಗಿ ಏನೂ ಆಗಿಲ್ಲವೆಂಬಂತೆ ಜಗಳ ಶುರುಮಾಡಿದವು. ಗೋಬಿ ಮಾತ್ರ ಬಲ ಮೂಲೆಗೆ ಹೋಗಿ, ಬಿಲವೇ ಇಲ್ಲದ ಕಡೆ, ಬಂಡೆಗೆ ಬೆನ್ನು ಕೊಟ್ಟು ಕೂತಿತು. ಅವತ್ತು ಅಲ್ಲೇ. ಮರುದಿನವೂ ಅಲ್ಲೇ.

ಮೂರನೆಯ ಬೆಳಿಗ್ಗೆ ಅವನ ಫೋನ್.

"ಹೇಗಿದ್ದಾರೆ ಸಾರ್ ನಮ್ಮವರು?"

"ತಿಂತಿದಾವೆ. ಮೈಮೇಲೆ ರವೆಯೂ ಇಲ್ಲ, ಹಿಟ್ಟೂ ಇಲ್ಲ. ಆ ಅಂಗಡಿಯವನು ನಿನ್ನೆ ಫೋನ್ ಮಾಡಿದ್ದ, ಇನ್ನೊಂದು ಪೌಡರ್ ಬ್ಲೂ ಬಂದಿದೆ ಅಂತ."

"ಏನಂದ್ರಿ?"

"ನಾಲ್ಕಡಿ ಟ್ಯಾಂಕಿಗೆ ಆ ಮೀನು ದೊಡ್ಡದಾಯ್ತು ಅಂದೆ."

"ಅಂದೇ ಹೇಳಿದ್ದೆ ನಾನು. ಗೋಬಿ?"

"ಎಡಗಡೆಗೆ ಬಂದಿದೆ. ರಾತ್ರಿಯೆಲ್ಲ ಟಕ್ ಟಕ್ ಕೇಳ್ತಿತ್ತು. ಈಗ ನೋಡಿದರೆ ಹೊಸ ಮರಳು ಹೊರಗೆ ಬಿದ್ದಿದೆ, ಒಂದು ತೂತು ಆಗಿದೆ. ಗೋಬಿ ಅದರ ಮುಂದೆ ಕೂತಿದೆ. ತಡಿ, ತಡಿ..."

"ಏನಾಯ್ತು ಸಾರ್?"

"ಮೀಸೆ ಬಂತು."

"ಬಾಲ ಮುಟ್ಟಿತಾ?"

"ಇನ್ನೂ ಇಲ್ಲ. ನೀನು ಫೋನ್ ಇಡು, ನಾನು ನೋಡ್ತೀನಿ."